ಸಗಣಿ ಹುಳು ಹುಡುಕುವುದು, ಹತ್ತಿರದಿಂದ ಫೋಟೋ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಶಾಲೆಗಳಲ್ಲಿ ನನ್ನ ಚಿತ್ರಗಳನ್ನು ತೋರಿಸಿದಾಗ ಮಕ್ಕಳು ಕೇಳಿದ್ದು, ದನ ಕಾಯುವವರು ನಿಲ್ಲಿಸಿ ಕೇಳಿದ್ದು, ಕ್ಯಾಮೆರಾ ಹಿಡಿದ ಗೆಳೆಯರು ಬರೆದು ಕೇಳಿದ್ದು, ಎಲ್ಲವೂ ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಹುಳುವಿನ ಪರಿಚಯ

ಸಗಣಿ ಹುಳ ಅಂದ್ರೆ ತಿಪ್ಪೇಲಿ ಸಿಗೋ ಆ ದಪ್ಪ ಬಿಳೀ ಹುಳಾನೇ ಅಲ್ವಾ?

ಅಲ್ಲ. ತಿಪ್ಪೆ ಎತ್ತುವಾಗ ಸಿಗುವ, ಬೆರಳು ಗಾತ್ರದ, ಬಾಗಿ ಮಲಗಿದ ಬಿಳಿ ಹುಳು ಸಾಮಾನ್ಯವಾಗಿ ತೆಂಗಿನ ಸುಳಿ ಕೊರೆಯುವ ರೈನೋಸಿರಸ್ ದುಂಬಿಯ ಮರಿ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಗಾರರಿಗೆ ಅದರ ಕಾಟ ಚೆನ್ನಾಗಿ ಗೊತ್ತು. ಅದು ಕೊಳೆತ ಗೊಬ್ಬರದಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಸಗಣಿ ಹುಳುವಿಗೆ ಬೇಕಿರುವುದು ಹಸಿ ಸಗಣಿ. ಅದರ ಮರಿ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ತಾಯಿ ಮಣ್ಣಿನೊಳಗೆ ಮಾಡಿಟ್ಟ ಸಗಣಿ ಉಂಡೆಯ ಒಳಗೆ ಅದು ಇರುತ್ತದೆ. ತಿಪ್ಪೆ ಕೆದಕಿ ಬೇಸರಪಟ್ಟವರು ತುಂಬಾ ಜನ. ತಿಪ್ಪೆ ಬಿಡಿ, ದನ ಮೇಯುವ ಜಾಗಕ್ಕೆ ಹೋಗಿ.

ಎಲ್ಲಾ ಸಗಣಿ ಹುಳವೂ ಉಂಡೆ ಉರುಳಿಸುತ್ತಾ? ನಮ್ಮ ಹೊಲದಲ್ಲಿ ನಾನು ಒಂದ್ಸಲಾನೂ ನೋಡಿಲ್ಲ.

ಉರುಳಿಸುವವು ಕಡಿಮೆ. ಹೆಚ್ಚಿನವು ಸಗಣಿಯ ಕೆಳಗೇ ನೇರವಾಗಿ ಬಿಲ ಕೊರೆದು, ತುಂಡು ತುಂಡಾಗಿ ಒಳಗೆ ಎಳೆದುಕೊಳ್ಳುತ್ತವೆ. ಇನ್ನು ಕೆಲವು ಎಲ್ಲೂ ಹೋಗುವುದಿಲ್ಲ, ಸಗಣಿಯ ಒಳಗೇ ಸಂಸಾರ ಹೂಡುತ್ತವೆ. ನಿಮ್ಮ ಹೊಲದಲ್ಲಿ ಬಿಲ ಕೊರೆಯುವ ಹುಳು ಖಂಡಿತ ಇರುತ್ತವೆ. ಸಗಣಿಯ ಪಕ್ಕದಲ್ಲಿ ಪುಡಿ ಮಣ್ಣಿನ ಸಣ್ಣ ಗುಡ್ಡೆ ಕಂಡರೆ ಅದು ಅವುಗಳದ್ದೇ ಕೆಲಸ.

ಕೊರೆಯುವವುಗಳಲ್ಲಿ ಒಂಥೊಫೇಗಸ್ ಕುಲದ್ದು ದೊಡ್ಡ ಬಳಗ. ಕೆಲವು ಅಕ್ಕಿಕಾಳಿನಷ್ಟು, ಕೆಲವು ಹುಣಸೆ ಬೀಜದಷ್ಟು. ಗಂಡುಗಳಲ್ಲಿ ಹಲವಕ್ಕೆ ತಲೆಯ ಮೇಲೆ ಕೊಂಬು. ಉರುಳಿಸುವವುಗಳಲ್ಲಿ ನಮ್ಮ ಕಡೆ ನೋಡಬೇಕಾದವು ಜಿಮ್ನೋಪ್ಲೂರಸ್ ಮತ್ತು ಸಿಸಿಫಸ್. ಸಿಸಿಫಸ್ ಪುಟ್ಟದು, ಹಿಂಗಾಲು ಎಷ್ಟು ಉದ್ದ ಅಂದರೆ ಮೊದಲ ನೋಟಕ್ಕೆ ಜೇಡ ಅನಿಸುತ್ತದೆ. ಅದು ತನ್ನಷ್ಟೇ ದೊಡ್ಡ ಉಂಡೆಯ ಜೊತೆ ಹುಲ್ಲಿನ ನಡುವೆ ಎದ್ದು ಬಿದ್ದು ಹೋಗುವುದನ್ನು ನೋಡಿದರೆ ಕ್ಯಾಮೆರಾ ಎತ್ತುವುದೇ ಮರೆತುಹೋಗುತ್ತದೆ.

ಸಗಣೀಲಿ ತಿನ್ನೋಕೆ ಏನಿದೆ ಅಂತ ಅದಕ್ಕೆ ಇಷ್ಟು ಕಷ್ಟ ಪಡುತ್ತೆ?

ಹಸು ಹುಲ್ಲಿನಲ್ಲಿರುವ ಎಲ್ಲ ಸತ್ವವನ್ನೂ ಹೀರಿಕೊಳ್ಳುವುದಿಲ್ಲ. ಉಳಿದದ್ದು ಸಗಣಿಯಲ್ಲಿ ಹೊರಗೆ ಬರುತ್ತದೆ, ಜೊತೆಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳೂ ಬರುತ್ತವೆ. ಬೆಳೆದ ಹುಳು ನಾರನ್ನು ಅಗಿಯುವುದಿಲ್ಲ. ಅದರ ಬಾಯಿ ಮೆತ್ತಗಿರುತ್ತದೆ, ರಸವನ್ನೂ ಅದರಲ್ಲಿರುವ ತೀರಾ ಸಣ್ಣ ಕಣಗಳನ್ನೂ ಮಾತ್ರ ಸೋಸಿ ಕುಡಿಯುತ್ತದೆ. ನಾರು ಅಗಿಯುವುದು ಮರಿ. ಹಸಿ ಸಗಣಿಗೆ ಹುಳು ಓಡಿ ಬರುವುದು, ಒಣಗಿದ ಮೇಲೆ ತಿರುಗಿಯೂ ನೋಡದೆ ಇರುವುದು ಇದೇ ಕಾರಣಕ್ಕೆ.

ಮುಟ್ಟಿದ್ರೆ ಕಚ್ಚುತ್ತಾ?

ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮುಷ್ಟಿಯಲ್ಲಿ ಹಿಡಿದರೆ ಮುಂಗಾಲಿನ ಹಲ್ಲುಗಳಿಂದ ಬೆರಳ ಸಂದಿಯನ್ನು ಅಗಲಿಸಿಕೊಂಡು ಹೊರಗೆ ಬರುತ್ತದೆ. ಆ ಬಲ ನೋಡಿದರೆ ಬೆರಗಾಗುತ್ತೀರಿ. ಕೊಂಬುಳ್ಳ ಒಂಥೊಫೇಗಸ್ ಟಾರಸ್ ಎಂಬ ಜಾತಿಯ ಗಂಡು ತನ್ನ ತೂಕದ 1,141 ಪಟ್ಟು ಭಾರ ಎಳೆಯಬಲ್ಲದು ಎಂದು 2010ರಲ್ಲಿ ಅಳೆದು ತೋರಿಸಿದ್ದಾರೆ. ಹುಳುವಿನಿಂದ ತೊಂದರೆ ಇಲ್ಲ, ಆದರೆ ಸಗಣಿಯಿಂದ ಸೋಂಕು ಬರಬಹುದು. ಕೈಗೆ ಗಾಯ ಇದ್ದರೆ ಕೈಗವಸು ಹಾಕಿಕೊಳ್ಳಿ. ಮನೆಗೆ ಬಂದು ಸೋಪು ಹಾಕಿ ಕೈ ತೊಳೆಯಿರಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಿ.

## ಹುಡುಕುವುದು

ಯಾವ ತಿಂಗಳಲ್ಲಿ ಬಂದ್ರೆ ಜಾಸ್ತಿ ಸಿಗುತ್ತೆ?

ತಿಂಗಳಿಗಿಂತ ಮಳೆ ನೋಡಿ. ಬೇಸಿಗೆಯಲ್ಲಿ ನೆಲ ಕಲ್ಲಿನ ಹಾಗಿರುತ್ತದೆ, ಬಿಲ ಕೊರೆಯಲು ಆಗದು. ಹೆಚ್ಚಿನ ಹುಳುಗಳು ಒಳಗೇ ಕಾದಿರುತ್ತವೆ. ಮೊದಲ ಹದ ಮಳೆ ಬಿದ್ದು ಮಣ್ಣು ಮೆತ್ತಗಾದರೆ ಎರಡು ಮೂರು ದಿನದಲ್ಲಿ ಮೇಲೆ ಬರುತ್ತವೆ. ನಾನು ಕಾಯುವುದು ಭರಣಿ, ಕೃತ್ತಿಕೆ ಮಳೆಗೆ. ಅಂದರೆ ಏಪ್ರಿಲ್ ಕೊನೆಯಿಂದ ಮೇ ಕೊನೆಯ ವಾರದ ತನಕ.

ಆಮೇಲೆ ಎರಡು ಸೀಮೆಯ ಲೆಕ್ಕ ಬೇರೆ ಬೇರೆಯಾಗುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಜಡಿಮಳೆ. ಸಗಣಿ ಬಿದ್ದ ಗಂಟೆಯಲ್ಲೇ ಕರಗಿ ಹರಿದುಹೋಗುತ್ತದೆ. ಹುಡುಕಾಟ ಸುಮ್ನೆ ದಂಡ. ಅಲ್ಲಿ ಮಳೆ ಬಿಡುವು ಕೊಡುವ ಸೆಪ್ಟೆಂಬರ್, ಅಕ್ಟೋಬರ್‌ಗೆ ಮತ್ತೆ ಹೋಗಿ. ಅರಸೀಕೆರೆ, ಕಡೂರು, ಅಜ್ಜಂಪುರದ ಬಯಲಲ್ಲಿ ಮಳೆ ಬಿದ್ದು ಬಿಸಿಲು ಬಂದ ಯಾವ ವಾರವಾದರೂ ಸರಿ, ಅಕ್ಟೋಬರ್‌ವರೆಗೂ ಸಿಗುತ್ತವೆ.

ಬೆಳಿಗ್ಗೆ ಆರಕ್ಕೇ ಹೋಗಿ ಕಾದೆ, ಒಂದೂ ಬರಲಿಲ್ಲ. ಯಾವ ಹೊತ್ತು ಸರಿ?

ಹಕ್ಕಿ ನೋಡುವವರ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಉಂಡೆ ಉರುಳಿಸುವ ಜಿಮ್ನೋಪ್ಲೂರಸ್ ಬಿಸಿಲಿನ ಹುಳು. ನೆಲ ಬೆಚ್ಚಗಾದ ಮೇಲೆ ಬರುತ್ತದೆ. ಒಂಬತ್ತೂವರೆಯಿಂದ ಹನ್ನೆರಡರ ತನಕ ನನಗೆ ಅತಿ ಹೆಚ್ಚು ಸಿಕ್ಕಿವೆ. ಬಿಲ ಕೊರೆಯುವವುಗಳಲ್ಲಿ ದಪ್ಪ ಕಪ್ಪು ಕೆಥಾರ್ಸಿಯಸ್, ಕಾಪ್ರಿಸ್ ರಾತ್ರಿಯವು. ಒನೈಟಿಸ್ ಮುಸ್ಸಂಜೆಗೆ ಹಾರುತ್ತದೆ. ಮಳೆ ಬಂದ ಸಂಜೆ ಜಗಲಿಯ ದೀಪಕ್ಕೆ ದಪ್ ಎಂದು ಬಂದು ಬಿದ್ದು, ಅಂಗಾತ ಒದ್ದಾಡುವ ಕಪ್ಪು ದುಂಬಿಗಳಲ್ಲಿ ಇವೂ ಇರುತ್ತವೆ. ಗುಡಿಸಿ ಹಾಕುವ ಮೊದಲು ಒಮ್ಮೆ ನೋಡಿ.

ಸಗಣಿ ಎಷ್ಟು ಹಳೇದಾಗಿರಬೇಕು? ನಾನು ಕೆದಕಿದಾಗೆಲ್ಲ ಬರೀ ನೊಣ.

ನೊಣ ನಿಮಿಷದೊಳಗೆ ಬರುತ್ತದೆ, ಅದು ಎಲ್ಲರಿಗಿಂತ ಮೊದಲು. ಉರುಳಿಸುವ ಹುಳು ಬೇಕಿದ್ದರೆ ಸಗಣಿ ಬಿದ್ದು ಹತ್ತು ನಿಮಿಷದಿಂದ ಎರಡು ಗಂಟೆಯೊಳಗೆ ನೀವು ಅಲ್ಲಿರಬೇಕು. ಅವು ತಡ ಮಾಡುವುದಿಲ್ಲ, ಕತ್ತರಿಸಿಕೊಂಡು ಹೊರಟೇಬಿಡುತ್ತವೆ. ಬಿಲ ಕೊರೆಯುವವು ಬೇಕಿದ್ದರೆ ಅರ್ಧ ದಿನದ ಸಗಣಿ ಒಳ್ಳೆಯದು. ಮೇಲೆ ತೆಳು ಪದರ ಒಣಗಿ, ಅದರಲ್ಲಿ ಪೆನ್ಸಿಲ್ ಚುಚ್ಚಿದಂಥ ತೂತು ಕಂಡರೆ ಒಳಗೆ ಹುಳು ಇದೆ ಎಂದರ್ಥ.

ಕೆದಕಬೇಡಿ ಎನ್ನುವುದು ನನ್ನ ಮೊದಲ ಕೋರಿಕೆ. ಕೆದಕಿದರೆ ಸಗಣಿ ಬೇಗ ಒಣಗುತ್ತದೆ, ಅಷ್ಟೂ ಹುಳುಗಳ ಊಟ ಹಾಳು. ಅದರ ಬದಲು ದನ ಕಾಯುವವರ ಜೊತೆ ನಡೆಯಿರಿ. ದನ ಮೇಯುವ ಕಾವಲಿನಲ್ಲಿ ಒಬ್ಬ ಅಜ್ಜ ನನಗೆ ಹೇಳಿಕೊಟ್ಟ ಉಪಾಯ ಇದು: ಬಿಸಿಯಾಗಿ ಬಿದ್ದ ಸಗಣಿಯ ಹತ್ತಿರ ಗೋಣಿಚೀಲ ಹಾಸಿ ಕೂತುಬಿಡು, ಅವೇ ಬರುತ್ತವೆ. ಎಲ್ಲಿ ಕೂರಬೇಕು ಎಂಬುದಕ್ಕೂ ಲೆಕ್ಕ ಇದೆ. ಹುಳು ವಾಸನೆ ಹಿಡಿದು ಗಾಳಿಗೆ ಎದುರಾಗಿ ಹಾರಿ ಬರುತ್ತದೆ. ಗಾಳಿ ನಿಮ್ಮ ಬೆನ್ನಿಗೆ ಬೀಸಿ ಸಗಣಿಯ ಮೇಲೆ ಹಾದು ಹೋಗುವಂತೆ ಕೂತರೆ ಹುಳು ನಿಮ್ಮ ಎದುರಿನಿಂದ ಬಂದು ಇಳಿಯುತ್ತದೆ. ನೆರಳು ಮಾತ್ರ ಸಗಣಿಯ ಮೇಲೆ ಬೀಳದಿರಲಿ.

ಕಾಡಿಗೇ ಹೋಗಬೇಕಾ? ಭದ್ರಾ, ಕುದುರೆಮುಖ ಕಡೆ ಒಳ್ಳೇದು ಸಿಗುತ್ತಂತಲ್ಲ?

ಸಿಗುತ್ತದೆ, ಆದರೆ ಹೋಗಬೇಕಾಗಿಲ್ಲ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ವಾಹನದಿಂದ ಇಳಿದು ನೆಲದ ಮೇಲೆ ಮಲಗಿ ಫೋಟೋ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆ ಹೋಗಬೇಡಿ.

ಊರ ಹೊರಗಿನ ಗೋಮಾಳ, ಕೆರೆ ಅಂಗಳ, ಕುರಿ ಮಂದೆ ಬಿಟ್ಟ ಹೊಲ ಸಾಕು. ಕುರಿ ಹಿಕ್ಕೆ ಇದ್ದ ಕಡೆ ಒಂದು ವಿಶೇಷ ನೋಡಬಹುದು. ಕೆಲವು ಹುಳು ಉಂಡೆ ಕಟ್ಟುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ, ಹಿಕ್ಕೆಯನ್ನೇ ಉರುಳಿಸಿಕೊಂಡು ಹೋಗುತ್ತವೆ. ಅಜ್ಜಂಪುರ, ಬೀರೂರು ಸುತ್ತ ಅಮೃತಮಹಲ್ ದನಗಳ ಹಳೆಯ ಕಾವಲುಗಳಿವೆ. ಅಲ್ಲೂ ಸಂಬಂಧಪಟ್ಟವರನ್ನು ಕೇಳಿಯೇ ಒಳಗೆ ಹೋಗಿ.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಆನೆ ಓಡಾಡುತ್ತದೆ. ಹಸಿ ಆನೆ ಲದ್ದಿ ಕಂಡರೆ ಆಸೆ ಆಗುತ್ತದೆ, ನನಗೂ ಆಗುತ್ತದೆ. ಆದರೆ ಹಸಿ ಲದ್ದಿ ಅಂದರೆ ಆನೆ ಹತ್ತಿರದಲ್ಲೇ ಇದೆ ಎಂದು. ಲೆನ್ಸಿನೊಳಗೆ ಕಣ್ಣಿಟ್ಟು ಮಲಗಿದವರಿಗೆ ಸುತ್ತಲ ಪರಿವೆ ಇರುವುದಿಲ್ಲ. ಬಂದ ದಾರಿಯಲ್ಲೇ ವಾಪಸು ಹೋಗಿ, ತೋಟದವರಿಗೆ ತಿಳಿಸಿ.

ನೆಲದ ಮೇಲೆ ಮಲಗಿದ್ರೆ ಉಣುಗು ಹತ್ತಲ್ವಾ?

ಹತ್ತುತ್ತದೆ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಆ ಕಾಯಿಲೆ ಕಂಡಿದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಭಯ ಜಾಸ್ತಿ. ಆ ಕಾಲದಲ್ಲಿ ಅಲ್ಲಿನ ಕಾಡಂಚಿನಲ್ಲಿ ನಾನು ಮಲಗುವುದೇ ಇಲ್ಲ. ಬೇರೆ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಇಂಬಳದ ವಿಷಯ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

## ಕ್ಯಾಮೆರಾ, ಬೆಳಕು, ಮುಖ

ನನ್ನ ಹತ್ರ ಮೊಬೈಲ್ ಮಾತ್ರ ಇದೆ. ಆಗುತ್ತಾ?

ಧಾರಾಳವಾಗಿ ಆಗುತ್ತದೆ. ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸ್, ಮೊಬೈಲಿಗೆ ಸಿಕ್ಕಿಸುವಂಥದ್ದೇ ಸಿಗುತ್ತದೆ. ಅದನ್ನು ಹಾಕಿದರೆ ಹುಳುವಿಗೆ ಮೂರು ನಾಲ್ಕು ಸೆಂಟಿಮೀಟರ್ ಹತ್ತಿರ ಹೋಗಬೇಕು. ಉರುಳಿಸುವ ಹುಳು ಅಷ್ಟು ಹತ್ತಿರ ಬಿಡುವುದಿಲ್ಲ, ಆದರೆ ಸಗಣಿಯಲ್ಲಿ ಮುಳುಗಿ ಕೆಲಸ ಮಾಡುವ ಒಂಥೊಫೇಗಸ್ ಬಿಡುತ್ತದೆ. ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ. ಆಗ ಅದರ ಕಣ್ಣು ನೆಲಕ್ಕೆ ಹತ್ತಿರ ಬರುತ್ತದೆ, ಹುಳು ಆನೆಯ ಹಾಗೆ ಎದ್ದು ನಿಲ್ಲುತ್ತದೆ. ಒಂದರ ಮೇಲೊಂದು ಬಿಡದೆ ಒತ್ತಿ. ಮೂವತ್ತರಲ್ಲಿ ಒಂದು ಸರಿಬಂದರೆ ಅದು ಒಳ್ಳೆಯ ದಿನ.

ಕ್ಯಾಮೆರಾಗೆ ಯಾವ ಲೆನ್ಸ್ ತಗೊಳ್ಳಲಿ? ದುಡ್ಡು ಸುಮ್ನೆ ಹೋಗಬಾರದು.

90ರಿಂದ 105 ಮಿ.ಮೀ. ನಡುವಿನ ಯಾವುದಾದರೂ ಮ್ಯಾಕ್ರೋ ಲೆನ್ಸ್. ಹಳೆಯದು, ಬಳಸಿದ್ದು ಆದರೂ ಸರಿ. ಆಟೋಫೋಕಸ್ ಕೆಟ್ಟಿದ್ದರೂ ಪರವಾಗಿಲ್ಲ, ಇಲ್ಲಿ ಅದರ ಕೆಲಸ ಕಡಿಮೆ. ದುಡ್ಡಿಲ್ಲದಿದ್ದರೆ ಈಗಿರುವ 50 ಮಿ.ಮೀ. ಲೆನ್ಸಿಗೆ ಹಿಂದೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಕೊಳವೆ ಸಾಕು. ಉಳಿದ ದುಡ್ಡಿನಲ್ಲಿ ಒಂದು ಫ್ಲ್ಯಾಶ್ ಕೊಳ್ಳಿ. ಲೆನ್ಸಿಗಿಂತ ಬೆಳಕು ಮುಖ್ಯ, ಯಾಕೆ ಎಂದು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ನಾನು ತೆಗೆದ ಎಲ್ಲಾ ಫೋಟೋದಲ್ಲೂ ಹುಳ ಕರೀ ಮುದ್ದೆ ಥರ, ಮೇಲೊಂದು ಬಿಳೀ ಚುಕ್ಕಿ. ಯಾಕೆ ಹೀಗೆ?

ಹುಳುವಿನ ಬೆನ್ನು ಬಾಗಿದ ಕನ್ನಡಿಯ ಹಾಗೆ. ಕನ್ನಡಿಯಲ್ಲಿ ಎದುರಿಗಿರುವುದೇ ಕಾಣುವುದು, ಅಲ್ವಾ? ಎದುರಿಗೆ ಪುಟ್ಟ ಫ್ಲ್ಯಾಶ್ ಇದ್ದರೆ ಪುಟ್ಟ ಬಿಳಿ ಚುಕ್ಕಿ ಕಾಣುತ್ತದೆ, ಉಳಿದ ಮೈ ಕತ್ತಲು. ನಡು ಮಧ್ಯಾಹ್ನದ ಬಿಸಿಲಲ್ಲೂ ಇದೇ ಕಥೆ. ಬೆಳಕನ್ನು ಹುಳುವಿಗಿಂತ ಎಷ್ಟೋ ಪಟ್ಟು ದೊಡ್ಡದು ಮಾಡಿ ಹತ್ತಿರ ತರಬೇಕು. ಆಗ ಚುಕ್ಕಿ ಹರಡಿ ಮೆತ್ತನೆಯ ಹೊಳಪಾಗುತ್ತದೆ. ಕಪ್ಪು ಎಂದುಕೊಂಡಿದ್ದ ಹುಳುವಿನಲ್ಲಿ ತಾಮ್ರದ ಬಣ್ಣ, ನವಿಲು ಹಸಿರು, ಕಡು ನೀಲಿ ಮೇಲೆದ್ದು ಬರುತ್ತವೆ. ನಾನು ಮೊದಲ ಬಾರಿ ಹೀಗೆ ತೆಗೆದ ಜಿಮ್ನೋಪ್ಲೂರಸ್ ಚಿತ್ರವನ್ನು ನಮ್ಮ ಪಕ್ಕದ ಮನೆಯ ಅಮ್ಮನಿಗೆ ತೋರಿಸಿದೆ. ಐವತ್ತು ವರ್ಷ ಸಗಣಿ ಬಾಚಿದ ಕೈ ಅವರದು. ತುಂಬಾ ಹೊತ್ತು ನೋಡಿ, "ಇದು ನಮ್ಮ ಕೊಟ್ಟಿಗೆ ಹಿಂದಿನ ಹುಳಾನಾ?" ಎಂದು ಕೇಳಿದರು.

ಬೆಳಕು ಹರಡಲು ದುಬಾರಿ ಸಾಮಾನು ಬೇಡ. ಬಿಳಿ ಟ್ರೇಸಿಂಗ್ ಹಾಳೆಯನ್ನು ಲೆನ್ಸಿನ ತುದಿಯಿಂದ ಫ್ಲ್ಯಾಶ್‌ವರೆಗೆ ಸೂರಿನ ಹಾಗೆ ಬಾಗಿಸಿ ಕಟ್ಟಿ. ಹಾಳೆ ಹುಳುವಿನ ತಲೆಯ ಮೇಲೆ ಚಪ್ಪರದಂತೆ ಬರಬೇಕು. ನನ್ನದು ಥರ್ಮೊಕೋಲ್ ಚೌಕಟ್ಟಿಗೆ ಎರಡು ಪದರ ಹಾಳೆ ಅಂಟಿಸಿದ್ದು. ಮಳೆಗೆ ನೆನೆದರೆ ಹೊಸದು ಮಾಡಿಕೊಳ್ಳುತ್ತೇನೆ.

ಶುರು ಮಾಡಲು ಸಂಖ್ಯೆ ಬೇಕೆಂದು ಕೇಳುತ್ತಾರೆ: ಎಫ್ 11 (ಇದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ಸೆಕೆಂಡಿನ 1/200 ಭಾಗ, ಐಎಸ್‌ಒ 200, ಫ್ಲ್ಯಾಶ್ ಬಲ ಕಾಲು ಭಾಗ. ಕ್ಯಾಮೆರಾದ ಸೆನ್ಸರ್ ಮೇಲೆ ಹುಳು ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದರೆ ಎಫ್ 11ರಲ್ಲೂ 1 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ದಪ್ಪದಷ್ಟೇ ಸ್ಪಷ್ಟವಾಗಿ ಬರುತ್ತದೆ. ಎಫ್ 22ಕ್ಕೆ ಹೋದರೆ ಎಲ್ಲವೂ ಸ್ಪಷ್ಟವಾಗುವ ಬದಲು ಇಡೀ ಚಿತ್ರವೇ ಮಸುಕಾಗುತ್ತದೆ. ಫೋಕಸ್ ರಿಂಗ್ ತಿರುಗಿಸಬೇಡಿ. ಅದನ್ನು ಒಂದು ಕಡೆ ನಿಲ್ಲಿಸಿ, ನಿಮ್ಮ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ, ಕಣ್ಣು ಚುರುಕಾದ ಕ್ಷಣಕ್ಕೆ ಒತ್ತಿ.

ಉಂಡೆ ಉರುಳಿಸುವಾಗ ಮುಖಾನೇ ಸಿಗಲ್ಲ. ಎದುರಿಗೆ ಹೋದ್ರೆ ಬರೀ ಉಂಡೆ ಕಾಣುತ್ತೆ.

ಹುಳು ಹೋಗುವ ದಾರಿಗೆ ಎದುರು ಕೂತದ್ದೇ ತಪ್ಪು. ಅದು ತಲೆ ಕೆಳಗೆ ಮಾಡಿ, ಮುಂಗಾಲು ನೆಲಕ್ಕೂರಿ, ಹಿಂಗಾಲಿನಿಂದ ಉಂಡೆಯನ್ನು ಒದೆಯುತ್ತಾ ಹಿಂದು ಹಿಂದಕ್ಕೆ ಹೋಗುತ್ತದೆ. ಉಂಡೆ ಮುಂದೆ, ಬೆನ್ನು ಆಮೇಲೆ, ಮುಖ ಕೊನೆಗೆ. ಅದು ಎಲ್ಲಿಂದ ಹೊರಟಿತೋ ಆ ಕಡೆ ನೀವಿರಬೇಕು. ಹಿಂಬಾಲಿಸಿ ತೆವಳಿದರೆ ಮುಖ ನಿಮ್ಮ ಕಡೆಗೇ ಇರುತ್ತದೆ! ಇದು ಹೊಳೆಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ಪಕ್ಕದಿಂದ ತೆಗೆದರೆ ಉಂಡೆ, ಕಾಲು, ಮೈ ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಆಗ ಹುಳುವಿನ ಮಟ್ಟಕ್ಕೆ ಗಲ್ಲ ನೆಲಕ್ಕೆ ತಾಗುವಷ್ಟು ಇಳಿಯಿರಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ದುಡಿಮೆ ಕಾಣುವುದಿಲ್ಲ. ದಾರಿಯಲ್ಲಿ ಕಾಯಬೇಕಾದ ಗಳಿಗೆಗಳಿವೆ. ಉಂಡೆ ಕಲ್ಲಿಗೆ ತಡೆದಾಗ ಹುಳು ಬಿಟ್ಟು ಸುತ್ತ ನೋಡುತ್ತದೆ. ಇನ್ನೊಂದು ಹುಳು ಬಂದು ಉಂಡೆ ಕಸಿಯಲು ನೋಡಿದಾಗ ಜಗಳ ಕುಸ್ತಿಯಂತೆ ನಡೆಯುತ್ತದೆ. ಗಂಡು ಹೆಣ್ಣು ಜೋಡಿಯಾಗಿರುವುದೂ ಉಂಟು.

ಹತ್ರ ಹೋದ್ರೆ ಹುಳ ಸತ್ತ ಹಾಗೆ ಬಿದ್ಕೊಳ್ಳುತ್ತೆ. ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದ್ರೆ ತಪ್ಪಾ?

ನನ್ನ ಮಟ್ಟಿಗೆ ತಪ್ಪು. ತಣ್ಣಗಾದ ಹುಳುವಿನ ಕಾಲು ಮುದುಡಿರುತ್ತದೆ, ಮೀಸೆ ಇಳಿಬಿದ್ದಿರುತ್ತದೆ. ಹುಳು ಬಲ್ಲವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಅದು ಮೊಟ್ಟೆ ಇಡುವ ಹೊತ್ತು. ವರ್ಷದಲ್ಲಿ ಸಿಗುವ ಕೆಲವೇ ಹದ ದಿನಗಳಲ್ಲಿ ಒಂದನ್ನು ನಾವು ಕಿತ್ತುಕೊಂಡ ಹಾಗೆ.

ಬಿದ್ದುಕೊಂಡರೆ ನೀವೂ ಅಲ್ಲಾಡದೆ ಇರಿ. ಒಂದೆರಡು ನಿಮಿಷದಲ್ಲಿ ಮೊದಲು ಮೀಸೆ ಹೊರಬರುತ್ತದೆ. ಅದರ ತುದಿ ಪುಸ್ತಕದ ಹಾಳೆಗಳಂತೆ ಮೂರು ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಹುಳು ವಾಸನೆ ಹಿಡಿಯುವುದು ಅದರಿಂದಲೇ. ಆ ಕ್ಷಣದ ಚಿತ್ರವನ್ನು ಯಾವ ಫ್ರಿಜ್ಜೂ ಕೊಡುವುದಿಲ್ಲ. ಉಂಡೆ ಕಿತ್ತು ಬೇರೆ ಕಡೆ ಇಡುವುದು, ದಾರಿಗೆ ಕಡ್ಡಿ ಅಡ್ಡ ಇಡುವುದು, ಇವನ್ನೂ ನಾನು ಬಿಟ್ಟಿದ್ದೇನೆ.

## ಇನ್ನೂ ಆಳಕ್ಕೆ ಹೋದವರು ಕೇಳುವುದು

ದೊಡ್ಡದು ಮಾಡಿ ನೋಡಿದಾಗ ಹೊಟ್ಟೆ ಕೆಳಗೆ ಕಂದು ಬಣ್ಣದ ಚುಕ್ಕಿಗಳು ಓಡಾಡ್ತಿದ್ವು. ಹುಳಕ್ಕೆ ರೋಗನಾ?

ರೋಗ ಅಲ್ಲ, ಅವು ನುಸಿಗಳು, ಪ್ರಯಾಣಿಕರು. ಅವಕ್ಕೆ ರೆಕ್ಕೆ ಇಲ್ಲ. ಒಂದು ಸಗಣಿಯಿಂದ ಇನ್ನೊಂದಕ್ಕೆ ಹೋಗಲು ಹುಳುವೇ ಅವುಗಳ ಬಸ್ಸು. ಹೊಸ ಸಗಣಿ ತಲುಪಿದ ಮೇಲೆ ಇಳಿದು ನೊಣದ ಮೊಟ್ಟೆ, ಎಳೆ ಮರಿಗಳನ್ನು ತಿನ್ನುತ್ತವೆ. ಹುಳುವಿನ ಮರಿಗೆ ನೊಣ ಪೈಪೋಟಿ, ಹಾಗಾಗಿ ಹುಳುವಿಗೂ ಲಾಭವೇ. ಚಿತ್ರ ತಿದ್ದುವಾಗ ನುಸಿಗಳನ್ನು ಅಳಿಸಬೇಡಿ.

ಹೆಸರು ಹಚ್ಚಲು ಯಾವ ಕೋನದಿಂದ ತೆಗೀಬೇಕು?

ಮೂರು ಚಿತ್ರ ಬೇಕೇ ಬೇಕು. ನೇರ ಮೇಲಿನಿಂದ ಬೆನ್ನು, ಎದುರಿನಿಂದ ತಲೆ, ಪಕ್ಕದಿಂದ ಇಡೀ ಮೈ. ತಲೆಯ ಮುಂದೆ ಗುದ್ದಲಿಯಂಥ ಅಂಚು ಇದೆ, ಅದರ ಹಲ್ಲುಗಳು ತೋರಬೇಕು. ಕೊಂಬಿನ ಆಕಾರ, ಮುಂಗಾಲಿನ ಹಲ್ಲು, ರೆಕ್ಕೆಯ ಮುಚ್ಚಳದ ಗೆರೆಗಳೂ ಕಾಣಬೇಕು. ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು ಇನ್ನೊಂದು ತೆಗೆಯಿರಿ. ಯಾವ ಪ್ರಾಣಿಯ ಸಗಣಿ, ಎಷ್ಟು ಹೊತ್ತಿಗೆ, ಯಾವ ಊರು, ಬರೆದಿಡಿ.

ಜಿಮ್ನೋಪ್ಲೂರಸ್ ಗುರುತಿಸುವುದು ಸುಲಭ. ರೆಕ್ಕೆ ಮುಚ್ಚಳದ ಅಂಚಿನಲ್ಲಿ, ಭುಜದ ಹಿಂದೆ, ಕಚ್ಚಿ ತೆಗೆದಂಥ ತಗ್ಗು ಇರುತ್ತದೆ. ಒಳರೆಕ್ಕೆ ಅಲ್ಲಿಂದಲೇ ಹೊರಬರುತ್ತದೆ. ಹಾಗಾಗಿ ಮುಚ್ಚಳ ತೆರೆಯದೆಯೇ ಹಾರುತ್ತದೆ. ಹಾರುವ ಚಿತ್ರದಲ್ಲಿ ಮುಚ್ಚಳ ಮುಚ್ಚಿಯೇ ಇದ್ದರೆ ಕ್ಯಾಮೆರಾ ತಡವಾಯಿತು ಎಂದುಕೊಳ್ಳಬೇಡಿ. ಒಂಥೊಫೇಗಸ್ ಮಾತ್ರ ಕಷ್ಟ. ಕೊಂಬಿಲ್ಲದ ಹೆಣ್ಣಿಗೆ ಚಿತ್ರ ನೋಡಿ ಜಾತಿ ಹೇಳಲು ಬಲ್ಲವರೂ ಹಿಂಜರಿಯುತ್ತಾರೆ. ಜೀವಿಗಳನ್ನು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ಕುಲದವರೆಗೆ ಹೆಸರು ಸಿಗುತ್ತದೆ. ಅಷ್ಟಕ್ಕೇ ನಿಲ್ಲಿಸುವುದೂ ಪ್ರಾಮಾಣಿಕ ಕೆಲಸವೇ.

ನಕ್ಷತ್ರ ನೋಡ್ಕೊಂಡು ದಾರಿ ಹಿಡಿಯುತ್ತಂತೆ. ನಮ್ಮ ಹುಳಾನೂ ಹಾಗೇ ಮಾಡುತ್ತಾ?

ಆ ಅಧ್ಯಯನ ನಡೆದದ್ದು ದಕ್ಷಿಣ ಆಫ್ರಿಕಾದಲ್ಲಿ, ಅಲ್ಲಿನ ಸ್ಕಾರಬಿಯಸ್ ಸ್ಯಾಟಿರಸ್ ಎಂಬ ರಾತ್ರಿ ಹುಳುವಿನ ಮೇಲೆ. 2013ರಲ್ಲಿ ಪ್ರಕಟವಾಯಿತು. ಹುಳುಗಳ ತಲೆಗೆ ಪುಟ್ಟ ರಟ್ಟಿನ ಟೋಪಿ ಹಾಕಿ ಆಕಾಶ ಮರೆಮಾಡಿದರು, ಹುಳು ದಾರಿ ತಪ್ಪಿತು. ಜೋಹಾನ್ಸ್‌ಬರ್ಗ್‌ನ ತಾರಾಲಯದೊಳಗೂ ಬಿಟ್ಟು ನೋಡಿದರು. ಆಕಾಶಗಂಗೆಯ ಪಟ್ಟೆ ಕಂಡರೆ ಸಾಕು, ನೇರವಾಗಿ ಹೋಗುತ್ತದೆ ಎಂದು ತಿಳಿಯಿತು. ಅದನ್ನು ನಮ್ಮ ಹಗಲು ಹುಳುವಿಗೆ ಹೊಂದಿಸಿ ಶೀರ್ಷಿಕೆ ಬರೆಯಬೇಡಿ.

ಮಣ್ಣೊಳಗೆ ಮೊಟ್ಟೆ ಇಡೋದನ್ನ ಅಗೆದು ತೆಗೀಬಹುದಾ?

ಬೇಡ. ಒಂದು ಉಂಡೆಗೆ ಒಂದೇ ಮೊಟ್ಟೆ. ಮರಿ ಆ ಉಂಡೆಯನ್ನೇ ಒಳಗಿನಿಂದ ತಿಂದು, ಅಲ್ಲೇ ಕೋಶವಾಗಿ, ದುಂಬಿಯಾಗಿ ಹೊರಬರುತ್ತದೆ. ಕಾಪ್ರಿಸ್ ಜಾತಿಗಳಲ್ಲಿ ತಾಯಿ ಉಂಡೆಗಳ ಪಕ್ಕದಲ್ಲೇ ಕಾವಲಿರುತ್ತದೆ. ಬಿಲ ಒಡೆದರೆ ಉಂಡೆ ಒಣಗುತ್ತದೆ, ಅಥವಾ ಬೂಸ್ಟು ಹಿಡಿಯುತ್ತದೆ. ಮರಿ ಉಳಿಯುವುದಿಲ್ಲ.

ಆದರೆ ಅಡಿಪಾಯ ತೋಡುವಾಗ, ಕಾಫಿ ಗುಂಡಿ ತೆಗೆಯುವಾಗ ಉಂಡೆ ತಾನಾಗಿ ಮೇಲೆ ಬರುವುದುಂಟು. ಆನೆ ಲದ್ದಿಗೆ ಬರುವ ಹೀಲಿಯೊಕಾಪ್ರಿಸ್‌ನ ಉಂಡೆ ಕ್ರಿಕೆಟ್ ಚೆಂಡಿನ ಗಾತ್ರ, ಮೇಲೆ ಮಣ್ಣಿನ ಗಟ್ಟಿ ಲೇಪ. ಅಂಥದ್ದು ಸಿಕ್ಕರೆ ತಕ್ಷಣ ಚಿತ್ರ ತೆಗೆದು, ನೆರಳಿನಲ್ಲಿ ಅಷ್ಟೇ ಆಳಕ್ಕೆ ಮತ್ತೆ ಹೂತುಬಿಡಿ. ಕೆಲಸದವರಿಗೆ ಮೊದಲೇ ಹೇಳಿಟ್ಟಿದ್ದರೆ ಅವರೇ ಕರೆಯುತ್ತಾರೆ.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಎಷ್ಟೊಂದು ಇದ್ವು. ಈಗ ಕಾಣಲ್ಲ, ಏನಾಯ್ತು?

ಈ ಪ್ರಶ್ನೆಯನ್ನು ಕೇಳುವವರು ಐವತ್ತು ದಾಟಿದವರು, ಕೇಳುವಾಗ ದನಿ ಸ್ವಲ್ಪ ಇಳಿಯುತ್ತದೆ. ಮೇಯುವ ದನ ಕಡಿಮೆಯಾದವು. ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಬಿದ್ದ ಸಗಣಿ ತಿಪ್ಪೆಗೆ ಹೋಗುತ್ತದೆ, ಹುಳುವಿಗೆ ಸಿಗುವುದಿಲ್ಲ. ಗೋಮಾಳ ಉಳುಮೆಯಾಯಿತು, ಲೇಔಟ್ ಆಯಿತು. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ದನದ ಹೊಟ್ಟೆಹುಳುವಿಗೆ, ಉಣುಗಿಗೆ ಕೊಡುವ ಐವರ್‌ಮೆಕ್ಟಿನ್ ಔಷಧಿ ಸಗಣಿಯಲ್ಲಿ ಹೊರಬರುತ್ತದೆ. ಆ ಸಗಣಿಯಲ್ಲಿ ಇಟ್ಟ ಮೊಟ್ಟೆಯ ಮರಿ ಸಾಯುತ್ತದೆ. ಚುಚ್ಚುಮದ್ದು ಕೊಟ್ಟ ಮೇಲೆ ಕೆಲವು ವಾರ ಇದರ ಪರಿಣಾಮ ಇರಬಹುದು.

ದನಕ್ಕೆ ಔಷಧಿ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕಾದ ದನಕ್ಕೆ, ಬೇಕಾದಾಗ ಮಾತ್ರ ಕೊಡಿ. ಮಳೆ ಶುರುವಾಗುವ ವಾರದಲ್ಲೇ ಇಡೀ ಮಂದೆಗೆ ಕೊಡುವುದನ್ನು ತಪ್ಪಿಸಬಹುದೇ ಎಂದು ಪಶುವೈದ್ಯರನ್ನು ಕೇಳಿ. ಹೋದ ವರ್ಷ ನಮ್ಮ ಪಕ್ಕದ ಮನೆಯವರು ಹೀಗೆ ಕೇಳಿ, ಕೃಶವಾಗಿದ್ದ ಎರಡು ದನಕ್ಕೆ ಮಾತ್ರ ಕೊಡಿಸಿದರು. ಕೃತ್ತಿಕೆ ಮಳೆ ಬಿದ್ದ ಮೂರನೇ ದಿನ ಅವರ ಕೆರೆ ಬದಿಯ ಹುಲ್ಲಿನಲ್ಲಿ, ಒಂದೇ ಸಗಣಿಯಿಂದ ಏಳು ಉಂಡೆ ಹೊರಟಿದ್ದನ್ನು ನಾವಿಬ್ಬರೂ ಎಣಿಸಿದೆವು.